ಅನ್ನ ಬಿಟ್ಟು ಮುದ್ದೆ ಹಿಡಿದರೂ ಸಕ್ಕರೆ ಏಕೆ ಇಳಿಯುತ್ತಿಲ್ಲ?

ಪ್ರಶ್ನೆ: ನಮ್ಮ ಯಜಮಾನರಿಗೆ 49 ವರ್ಷ, ತೂಕ 81 ಕೆ.ಜಿ. ಸಕ್ಕರೆ ಕಾಯಿಲೆ ಗೊತ್ತಾಗಿ ಆರು ವರ್ಷವಾಯಿತು. ಹೋದ ತಿಂಗಳ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ) 8.4 ಬಂದಿದೆ. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆಯನ್ನು ಬೆಳಿಗ್ಗೆ, ರಾತ್ರಿ ತೆಗೆದುಕೊಳ್ಳುತ್ತಾರೆ. ಡಾಕ್ಟರು ‘ಕಾರ್ಬೋಹೈಡ್ರೇಟ್ ಕಡಿಮೆ ಮಾಡಿ’ ಎಂದ ಮೇಲೆ ಅನ್ನ ಪೂರ್ತಿ ನಿಲ್ಲಿಸಿದ್ದೇವೆ. ಬೆಳಿಗ್ಗೆ ಹಾಲು ಹಾಕಿದ ರಾಗಿ ಗಂಜಿ, ಸಕ್ಕರೆ ಬದಲು ಬೆಲ್ಲ. ಮಧ್ಯಾಹ್ನ ಎರಡು ಮುದ್ದೆ, ಸೊಪ್ಪಿನ ಸಾರು. ರಾತ್ರಿ ಮೂರು ಚಪಾತಿ, ಪಲ್ಯ. ಇಷ್ಟಾದರೂ ಊಟವಾಗಿ ಎರಡು ಗಂಟೆಗೆ ನೋಡಿದರೆ 240, 250 ಇರುತ್ತದೆ. ಸಂಬಂಧಿಕರೊಬ್ಬರು ‘ಧಾನ್ಯ, ಕಾಳು ಎಲ್ಲ ಬಿಟ್ಟು ಬರೀ ಮೊಟ್ಟೆ, ಪನೀರ್, ತುಪ್ಪ ಕೊಡಿ, ಮಾತ್ರೆಯೇ ಬೇಡ’ ಎನ್ನುತ್ತಾರೆ. ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಮಕ್ಕಳು, 76 ವರ್ಷದ ಅತ್ತೆ ಇದ್ದಾರೆ. ಅತ್ತೆಗೂ ಸಕ್ಕರೆ ಇದೆ, ತುಂಬ ಸಣಕಲಾಗಿದ್ದಾರೆ. ಎರಡೆರಡು ಅಡುಗೆ ಮಾಡುವ ಶಕ್ತಿ ನನಗಿಲ್ಲ. ಏನು ಮಾಡಲಿ?
ಮಂಡ್ಯ ಜಿಲ್ಲೆಯ ಓದುಗರು

ಉತ್ತರ: ಅನ್ನ ಬಿಟ್ಟರೂ ಸಕ್ಕರೆ ಏಕೆ ಇಳಿಯಲಿಲ್ಲ, ಧಾನ್ಯವನ್ನೇ ಬಿಡಬೇಕೆ, ಒಂದೇ ಅಡುಗೆಯಲ್ಲಿ ಎಲ್ಲರನ್ನೂ ಹೇಗೆ ನಿಭಾಯಿಸುವುದು: ನೀವು ಕೇಳಿರುವುದು ಈ ಮೂರು. ಅದಕ್ಕೂ ಮುಂಚೆ ಮಾತ್ರೆಯ ಮಾತು ಆಡಬೇಕು. ಊಟ ಬದಲಿಸುವ ಉತ್ಸಾಹದಲ್ಲಿ ಎಲ್ಲರೂ ಮರೆಯುವುದು ಇದನ್ನೇ, ಅಪಾಯ ಇರುವುದೂ ಇಲ್ಲೇ.

ಗ್ಲಿಮೆಪಿರೈಡ್ ಮೇದೋಜ್ಜೀರಕ ಗ್ರಂಥಿಯಿಂದ ಹೆಚ್ಚು ಇನ್ಸುಲಿನ್ ಹೊರಡಿಸುವ ಔಷಧ. ತಟ್ಟೆಯಲ್ಲಿ ಎರಡು ಮುದ್ದೆ ಇದೆಯೋ ಅರ್ಧ ಇದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಇವತ್ತು ಎರಡು ಮುದ್ದೆಗೆ ಹೊಂದಿಸಿರುವ ಮಾತ್ರೆಯನ್ನು ನಾಳೆ ಅರ್ಧ ಮುದ್ದೆಯ ಊಟಕ್ಕೂ ಹಾಗೇ ಕೊಟ್ಟರೆ ಸಕ್ಕರೆ 70ಕ್ಕಿಂತ ಕೆಳಗೆ ಹೋಗಬಹುದು. ಮೈ ಬೆವರುವುದು, ಕೈ ನಡುಗುವುದು, ತಡೆಯಲಾಗದ ಹಸಿವು, ಮಾತು ತಡವರಿಸುವುದು ಇದರ ಗುರುತು. ಆದ್ದರಿಂದ ಈ ಪತ್ರದಲ್ಲಿ ಹೇಳುವ ಊಟ ಶುರು ಮಾಡುವ ಮೊದಲೇ ನಿಮ್ಮ ಡಾಕ್ಟರ ಹತ್ತಿರ ಹೋಗಿ, ‘ದಿನದ ಕಾರ್ಬೋಹೈಡ್ರೇಟ್ ಅರ್ಧಕ್ಕೆ ಇಳಿಸುತ್ತಿದ್ದೇವೆ, ಗ್ಲಿಮೆಪಿರೈಡ್ ಎಷ್ಟು ಇಳಿಸಬೇಕು’ ಎಂದು ನೇರವಾಗಿ ಕೇಳಿ. ಸಾಮಾನ್ಯವಾಗಿ ಅರ್ಧ ಮಾಡುತ್ತಾರೆ, ಕೆಲವರಿಗೆ ನಿಲ್ಲಿಸುತ್ತಾರೆ. ಆ ತೀರ್ಮಾನ ಅವರದ್ದು. ನೀವಾಗಿಯೇ ಮಾತ್ರೆ ಮುರಿದು ಕೊಡಬೇಡಿ. ಎರಡು ಔಷಧ ಸೇರಿದ ಮಾತ್ರೆಯಲ್ಲಿ ಒಂದನ್ನು ಮಾತ್ರ ಕಡಿಮೆ ಮಾಡಲು ಬೇರೆ ಮಾತ್ರೆಯನ್ನೇ ಬರೆಸಿಕೊಳ್ಳಬೇಕಾಗುತ್ತದೆ. ಮೆಟ್‌ಫಾರ್ಮಿನ್ ಒಂದರಿಂದಲೇ ಸಕ್ಕರೆ ಕುಸಿಯುವುದು ಬಹಳ ಅಪರೂಪ.

ಸಕ್ಕರೆ ಕುಸಿದರೆ ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಏರದಿದ್ದರೆ ಇನ್ನೊಮ್ಮೆ ಕುಡಿಸಿ. ಚಾಕೊಲೇಟ್, ಬಿಸ್ಕತ್ತು ಕೊಡಬೇಡಿ, ಅದರ ಕೊಬ್ಬು ಸಕ್ಕರೆ ಏರುವುದನ್ನು ತಡಮಾಡುತ್ತದೆ. ಪ್ರಜ್ಞೆ ಮಂಕಾಗಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಾತ್ರೆಯ ಪಟ್ಟಿಯ ಹಿಂದೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂಬ ಹೆಸರೂ ಇದೆಯೇ ಎಂದು ಒಮ್ಮೆ ಓದಿ. ಗ್ಲಿಮೆಪಿರೈಡ್ ಜೊತೆ ವೋಗ್ಲಿಬೋಸ್ ಸೇರಿಸಿದ ಮಾತ್ರೆಗಳು ನಮ್ಮಲ್ಲಿ ಬಹಳ ಚಾಲ್ತಿಯಲ್ಲಿವೆ. ಆ ಔಷಧ ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ತಡೆಯುವುದರಿಂದ, ಆಗ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಔಷಧಿ ಅಂಗಡಿಯ ಗ್ಲೂಕೋಸ್ ಪುಡಿಯೇ ಬೇಕು. ಒಂದು ಡಬ್ಬಿ ಮನೆಯಲ್ಲಿಡಿ.

ಈಗ ಮುದ್ದೆಗೆ ಬರೋಣ

ನೀವು ಧಾನ್ಯ ಬದಲಿಸಿದ್ದೀರಿ, ಧಾನ್ಯದ ಪ್ರಮಾಣ ಹಾಗೇ ಉಳಿದಿದೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ (ಚಿಕ್ಕದಾಗಿ ಕಾರ್ಬ್) ಇದ್ದರೆ ಜೋಳದಲ್ಲಿ 68, ರಾಗಿಯಲ್ಲಿ 67, ಗೋಧಿ ಹಿಟ್ಟಿನಲ್ಲಿ 64. ನವಣೆ, ಸಾಮೆಯಂಥ ಸಿರಿಧಾನ್ಯಗಳೂ ಹೆಚ್ಚುಕಡಿಮೆ ಇದೇ ಸಾಲಿನವು. ರಾಗಿಯಲ್ಲಿ ನಾರು ಹೆಚ್ಚು, 100 ಗ್ರಾಂಗೆ 11 ಗ್ರಾಂನಷ್ಟು. ಕ್ಯಾಲ್ಸಿಯಂ 350 ಮಿಲಿಗ್ರಾಂ ದಾಟುತ್ತದೆ. ಒಳ್ಳೆಯ ಧಾನ್ಯ, ಅನುಮಾನವಿಲ್ಲ. ಆದರೆ ಕಾರ್ಬ್ ಲೆಕ್ಕದಲ್ಲಿ ಅದು ಅಕ್ಕಿಯ ನೆಂಟನೇ.

ನೀವು ಬರೆದ ಊಟವನ್ನೇ ಕೂಡಿ ನೋಡಿ. ಒಂದು ಮಾಮೂಲಿ ಮುದ್ದೆಗೆ 100 ಗ್ರಾಂ ಹಿಟ್ಟು ಬೀಳುತ್ತದೆ. ಎರಡು ಮುದ್ದೆ ಎಂದರೆ 134 ಗ್ರಾಂ ಕಾರ್ಬ್, ಒಂದೇ ಹೊತ್ತಿಗೆ. ಬೆಳಗಿನ ಗಂಜಿಯಲ್ಲಿ 40 ಗ್ರಾಂ ಹಿಟ್ಟು, ಒಂದು ಲೋಟ ಹಾಲು, ಒಂದು ಉಂಡೆ ಬೆಲ್ಲ ಸೇರಿ 54. ರಾತ್ರಿಯ ಮೂರು ಚಪಾತಿಗೆ 67. ಇಷ್ಟಕ್ಕೇ 255 ಆಯಿತು. ಪಲ್ಯ, ಸಾರು, ನೀವು ಬರೆಯದೇ ಬಿಟ್ಟ ಸಂಜೆಯ ಕಾಫಿ-ಬಿಸ್ಕತ್ತು ಸೇರಿದರೆ 280ರ ಹತ್ತಿರ. ಕಡಿಮೆ ಕಾರ್ಬ್ ಊಟ ಎಂದು ವೈದ್ಯಕೀಯದಲ್ಲಿ ಕರೆಯುವುದು ದಿನಕ್ಕೆ 130 ಗ್ರಾಂಗಿಂತ ಕಡಿಮೆ ಇರುವುದನ್ನು. ಎರಡು ಗಂಟೆಯ ಮೇಲೂ 240 ಇರುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಕಾರಣ ರಾಗಿಯ ರೂಪದಲ್ಲಿದೆ. ನುಣ್ಣಗೆ ಬೀಸಿದ ಹಿಟ್ಟನ್ನು ನೀರಿನಲ್ಲಿ ಚೆನ್ನಾಗಿ ಬೇಯಿಸಿದಾಗ ಪಿಷ್ಟವೆಲ್ಲ ಉಬ್ಬಿ ಬಿಚ್ಚಿಕೊಳ್ಳುತ್ತದೆ, ಕರುಳಿಗೆ ಅರಗಿಸುವ ಶ್ರಮವೇ ಉಳಿಯುವುದಿಲ್ಲ. ಗಂಜಿಯಲ್ಲಿ ಇದು ಅತಿ ಹೆಚ್ಚು. ಸಕ್ಕರೆ ಕಾಯಿಲೆಯವರು ಆರೋಗ್ಯಕ್ಕೆಂದು ಕುಡಿಯುವ ರಾಗಿ ಗಂಜಿ, ರಾಗಿ ಮಾಲ್ಟ್ ನನ್ನ ಅನುಭವದಲ್ಲಿ ಬೆಳಗಿನ ಸಕ್ಕರೆ ಏರಿಸುವ ಪದಾರ್ಥಗಳ ಪೈಕಿ ಮೊದಲ ಸಾಲಿನಲ್ಲಿವೆ. ಮುದ್ದೆ ಗಂಜಿಗಿಂತ ಎಷ್ಟೋ ವಾಸಿ. ಆದರೂ ಅದನ್ನು ಅಗಿಯದೆ ನುಂಗುತ್ತೇವೆ. ಐದು ನಿಮಿಷದಲ್ಲಿ ಎರಡು ಮುದ್ದೆ ಇಳಿದಿರುತ್ತದೆ, ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ತಲುಪುವುದು ಅದಕ್ಕಿಂತ ತಡವಾಗಿ.

ಇದು ನಿಮ್ಮೊಬ್ಬರ ಮನೆಯ ಕಥೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ‘ಇಂಡಿಯಾಬ್’ ಅಧ್ಯಯನದ ಊಟದ ವಿವರಗಳು 2025ರಲ್ಲಿ ಪ್ರಕಟವಾದವು. ನಮ್ಮ ಜನರ ಆಹಾರದ ಶಕ್ತಿಯಲ್ಲಿ ಸುಮಾರು 62 ಶೇಕಡ ಕಾರ್ಬೋಹೈಡ್ರೇಟ್‌ನಿಂದ ಬರುತ್ತಿದೆ. ಪಾಲಿಶ್ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟು ಅಥವಾ ಸಿರಿಧಾನ್ಯದ ಹಿಟ್ಟು ಬಂದಷ್ಟಕ್ಕೇ ಸಕ್ಕರೆ ಕಾಯಿಲೆಯ ಅಪಾಯ ಇಳಿದಂತೆ ಅದರಲ್ಲಿ ಕಾಣಲಿಲ್ಲ. ಕಾರ್ಬ್‌ನ ಒಂದು ಪಾಲಿನ ಬದಲು ಬೇಳೆ, ಕಾಳು, ಹಾಲು-ಮೊಸರಿನ ಪ್ರೋಟೀನ್ ತಿನ್ನುವವರಲ್ಲಿ ಅಪಾಯ ಕಡಿಮೆಯಿತ್ತು.

ಬೆಲ್ಲಕ್ಕೂ ಇದೇ ಮಾತು. ಅದು ಸಕ್ಕರೆಯಷ್ಟೇ ಸಕ್ಕರೆ, ಬಣ್ಣ ಬೇರೆ. ಜೇನುತುಪ್ಪವೂ ಅಷ್ಟೇ. ಗಂಜಿ ಬಸಿದ ಅನ್ನದಲ್ಲಿ ಸ್ವಲ್ಪ ಪಿಷ್ಟ ಹೋಗುತ್ತದೆ, ಬಹುಪಾಲು ಅಗುಳಿನಲ್ಲೇ ಉಳಿಯುತ್ತದೆ. ಹಾಗಲಕಾಯಿ ರಸ, ನೆನೆಸಿದ ಮೆಂತ್ಯದಿಂದ ಅಲ್ಪಸ್ವಲ್ಪ ಉಪಯೋಗ ಇರಬಹುದು, ಎರಡು ಮುದ್ದೆಯನ್ನು ಅವು ಸರಿದೂಗಿಸಲಾರವು.

ಬರೀ ಮೊಟ್ಟೆ, ಪನೀರ್ ಊಟದ ಬಗ್ಗೆ

ನಿಮ್ಮ ಸಂಬಂಧಿಕರು ಹೇಳುವುದು ದಿನಕ್ಕೆ 50 ಗ್ರಾಂಗೂ ಕಡಿಮೆ ಕಾರ್ಬ್ ಇರುವ ಕೀಟೋ ಮಾದರಿಯ ಊಟ. ಅದರಲ್ಲಿ ಸಕ್ಕರೆ ಬೇಗ ಇಳಿಯುವುದು ನಿಜ, ಸುಳ್ಳು ಹೇಳಬಾರದು. ಆದರೆ ಕಾರ್ಬ್ ಇಳಿಸಿದ ಊಟಗಳ ಅಧ್ಯಯನಗಳಲ್ಲಿ ಆರು ತಿಂಗಳಿಗೆ ಕಂಡ ಲಾಭ ವರ್ಷದ ಹೊತ್ತಿಗೆ ಕುಗ್ಗುತ್ತದೆ. ಮುಖ್ಯ ಕಾರಣ ಜನ ಮುಂದುವರಿಸಲಾಗದೆ ಬಿಡುವುದು. ಮುದ್ದೆ ಉಂಡು ಬೆಳೆದ ಮನುಷ್ಯನಿಗೆ ಮುದ್ದೆಯೇ ಇಲ್ಲದ ತಟ್ಟೆಯನ್ನು ಎಷ್ಟು ದಿನ ಇಡುತ್ತೀರಿ?

ಅಪಾಯಗಳೂ ಇವೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಮೂತ್ರದ ಮೂಲಕ ಸಕ್ಕರೆ ಹೊರಹಾಕುತ್ತವೆ. ಇವನ್ನು ತೆಗೆದುಕೊಳ್ಳುವವರು ಕಾರ್ಬ್ ತೀರಾ ಇಳಿಸಿದರೆ ರಕ್ತದಲ್ಲಿ ಕೀಟೋನ್ ಆಮ್ಲ ಏರಿ ಜೀವಕ್ಕೆ ಅಪಾಯವಾಗಬಹುದು, ಅದೂ ಸಕ್ಕರೆ ಅಷ್ಟೇನೂ ಹೆಚ್ಚಿಲ್ಲದಿರುವಾಗಲೇ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೂ ಮೀಟರ್ 180 ತೋರಿಸುತ್ತದೆ, ಮನೆಯವರು ಗ್ಯಾಸ್ಟ್ರಿಕ್ ಎಂದು ಸುಮ್ಮನಾಗುತ್ತಾರೆ. ನಿಮ್ಮ ಯಜಮಾನರಿಗೆ ಈಗ ಈ ಔಷಧ ಇಲ್ಲ. ಮುಂದೆ ಬರೆದುಕೊಟ್ಟರೆ ಊಟದ ವಿಷಯ ಡಾಕ್ಟರಿಗೆ ಹೇಳಲೇಬೇಕು. ಮೂತ್ರಪಿಂಡ ಕುಗ್ಗಿದವರಿಗೆ ಪ್ರೋಟೀನ್ ಹೇರುವಂತಿಲ್ಲ, ಆದ್ದರಿಂದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಈ ವರ್ಷ ಆಗಿಲ್ಲದಿದ್ದರೆ ಈಗಲೇ ಮಾಡಿಸಿ. ಕಣ್ಣಿನ ಅಕ್ಷಿಪಟಲದ ತಪಾಸಣೆಯೂ ಆಗಲಿ. ಬಹಳ ಕಾಲ ಏರಿದ್ದ ಸಕ್ಕರೆ ಒಮ್ಮೆಲೇ ಇಳಿದಾಗ ಮೊದಲೇ ಇದ್ದ ಅಕ್ಷಿಪಟಲದ ತೊಂದರೆ ತಾತ್ಕಾಲಿಕವಾಗಿ ಹೆಚ್ಚುವುದುಂಟು.

ನನ್ನ ಸಲಹೆ 130 ಗ್ರಾಂ ಆಸುಪಾಸಿನ ಊಟ. ಅದಕ್ಕೆ ಕಾಳು ಬಿಡಬೇಕಿಲ್ಲ. ಮುದ್ದೆಯೂ ತಟ್ಟೆಯಲ್ಲಿ ಉಳಿಯುತ್ತದೆ, ಆದರೆ ನಡುವೆ ಅಲ್ಲ, ಅಂಚಿಗೆ.

ಒಂದೇ ಅಡುಗೆ, ಬೇರೆ ಬೇರೆ ಬಡಿಸುವಿಕೆ

ನೀವು ಹೊಸ ಅಡುಗೆ ಕಲಿಯಬೇಕಾಗಿಲ್ಲ. ಬಸ್ಸಾರು, ಮಸ್ಸೊಪ್ಪು, ಉಪ್ಸಾರು, ಮೊಳಕೆ ಹುರುಳಿಕಾಳಿನ ಸಾರು, ಕೋಸಂಬರಿ, ಉಸ್ಲಿ ಎಲ್ಲ ನಿಮ್ಮ ಕೈಯಲ್ಲಿ ಇರುವವೇ. ಬದಲಾಗಬೇಕಾದದ್ದು ಅಳತೆ.

ಅಡುಗೆಮನೆಯ ಒಂದು ಡಿಜಿಟಲ್ ತಕ್ಕಡಿ ತೆಗೆದುಕೊಳ್ಳಿ. ಎಂದಿನಂತೆ ಮನೆಮಂದಿಗೆಲ್ಲ ಒಂದೇ ಪಾತ್ರೆಯಲ್ಲಿ ಮುದ್ದೆ ತೊಳಸಿ. ಹಾಕಿದ ಹಿಟ್ಟಿನ ತೂಕ ಮೊದಲೇ ಬರೆದುಕೊಂಡು, ಆದ ಮುದ್ದೆಯನ್ನೂ ತೂಗಿ. ಸಾಮಾನ್ಯವಾಗಿ 100 ಗ್ರಾಂ ಹಿಟ್ಟಿಗೆ 300 ಗ್ರಾಂ ಆಸುಪಾಸು ಮುದ್ದೆ ಬರುತ್ತದೆ. ನಿಮ್ಮ ಕೈ ಅಳತೆಯಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು. ಅದರಲ್ಲಿ 120 ಗ್ರಾಂ ಮುರಿದು ಯಜಮಾನರಿಗೆ ಕಟ್ಟಿ. ಅದು 40 ಗ್ರಾಂ ಹಿಟ್ಟು, 27 ಗ್ರಾಂ ಕಾರ್ಬ್. ನಾಲ್ಕು ದಿನ ತೂಗಿದರೆ ಆ ಗಾತ್ರ ಕೈಗೆ ಕೂರುತ್ತದೆ, ಆಮೇಲೆ ತಕ್ಕಡಿ ಬೇಡ. ಮಕ್ಕಳಿಗೆ ಅವರ ಎಂದಿನ ಮುದ್ದೆ.

ಮುದ್ದೆ ಕುಗ್ಗಿದ ಜಾಗಕ್ಕೆ ಏನು ಬರುತ್ತದೆ ಎಂಬುದೇ ಮುಖ್ಯ. ಇಲ್ಲಿ ಎಡವಿದರೆ ನಾಲ್ಕು ಗಂಟೆಗೆ ಹಸಿವಾಗಿ ಬಿಸ್ಕತ್ತಿನ ಡಬ್ಬಿ ತೆರೆಯುತ್ತಾರೆ. ಬಸ್ಸಾರನ್ನೇ ನೋಡಿ. ಐದು ಜನಕ್ಕೆ 150 ಗ್ರಾಂ ಹುರುಳಿಕಾಳು ಅಥವಾ ಅಲಸಂದೆ ರಾತ್ರಿಯೇ ನೆನೆಹಾಕಿ, ನೆನೆದ ನೀರು ಚೆಲ್ಲಿ ಹೊಸ ನೀರಿನಲ್ಲಿ ಮುಕ್ಕಾಲು ಪಾಲು ಬೇಯಿಸಿ. ಕತ್ತರಿಸಿದ ದಂಟು ಅಥವಾ ಬೆರಕೆ ಸೊಪ್ಪು 750 ಗ್ರಾಂ ಹಾಕಿ, ನಾಲ್ಕೈದು ನಿಮಿಷ ಬಿಟ್ಟು ಬಸಿಯಿರಿ. ಸಾಮಾನ್ಯವಾಗಿ ಎರಡು ಕಡೆ ಕೆಡುತ್ತದೆ. ಸೊಪ್ಪನ್ನು ಕಾಳಿನ ಜೊತೆಗೇ ಕುಕ್ಕರಿಗೆ ಹಾಕಿದರೆ ಕೆಸರಾಗಿ, ಪಲ್ಯ ಎರಡು ತುತ್ತಿಗಿಂತ ಹೆಚ್ಚು ತಿನ್ನಲಾಗುವುದಿಲ್ಲ. ಇನ್ನೊಂದು, ಸಾರು ಗಟ್ಟಿಯಾಗಲೆಂದು ಬೆಂದ ಕಾಳು-ಸೊಪ್ಪಿನಲ್ಲಿ ಅರ್ಧವನ್ನು ಮಸಾಲೆಗೆ ರುಬ್ಬಿಬಿಡುವುದು. ರುಬ್ಬಲು ಒಂದು ಸೌಟು ಸಾಕು. ಉಳಿದದ್ದಕ್ಕೆ ಈರುಳ್ಳಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿ. ಯಜಮಾನರ ತಟ್ಟೆಗೆ ಈ ಪಲ್ಯ 200 ಗ್ರಾಂ, ಅಂದರೆ ತುಂಬಿದ ಎರಡು ಸೌಟು. ಇಷ್ಟು ದಿನ ಪಲ್ಯ ನೆಂಚಿಕೊಳ್ಳಲು ಇತ್ತು, ಇನ್ನು ಮೇಲೆ ಅದೇ ಊಟ.

ಮೊದಲು ಪಲ್ಯ ಅರ್ಧದಷ್ಟು ತಿನ್ನಲಿ, ಆಮೇಲೆ ಮುದ್ದೆಗೆ ಕೈ ಹಾಕಲಿ. ತರಕಾರಿ, ಪ್ರೋಟೀನ್ ಮೊದಲು ಹೊಟ್ಟೆಗೆ ಹೋದಾಗ ಹಿಂದೆ ಬರುವ ಪಿಷ್ಟ ನಿಧಾನವಾಗಿ ರಕ್ತ ಸೇರುತ್ತದೆ. ಖರ್ಚಿಲ್ಲದ ಉಪಾಯ ಇದು. ಊಟದ ನಂತರ 10–15 ನಿಮಿಷ ನಡೆದಾಡಿದರೆ ಇನ್ನಷ್ಟು ಲಾಭ.

ಕಾಳಿನ ಬಗ್ಗೆ ಒಂದು ಎಚ್ಚರಿಕೆ. ‘ಕಾಳು ಎಂದರೆ ಪ್ರೋಟೀನ್, ಎಷ್ಟು ಬೇಕಾದರೂ ತಿನ್ನಬಹುದು’ ಎನ್ನುವುದು ತಪ್ಪು. ಹುರುಳಿಕಾಳಿನಲ್ಲಿ 100 ಗ್ರಾಂಗೆ ಪ್ರೋಟೀನ್ 22 ಗ್ರಾಂ, ಕಾರ್ಬ್ 57 ಗ್ರಾಂ ಇದೆ. ತೊಗರಿಬೇಳೆ 55, ಹೆಸರುಬೇಳೆ 53, ಕಡಲೆಬೇಳೆ 47. ನಿಧಾನವಾಗಿ ಅರಗುತ್ತದೆ, ಅದು ಅದರ ಗುಣ. ಆದರೂ ಲೆಕ್ಕಕ್ಕೆ ಸೇರಿಸಬೇಕು. ಒಂದು ಹೊತ್ತಿಗೆ ಒಬ್ಬರಿಗೆ ಒಣ ಕಾಳು 30 ಗ್ರಾಂ ಎಂದು ಇಟ್ಟುಕೊಳ್ಳಿ, ಕಾರ್ಬ್ 17 ಗ್ರಾಂ ಆಗುತ್ತದೆ. ತಿಳಿಸಾರು ಮಾಡುವ ದಿನ ಒಬ್ಬರ ಪಾಲಿಗೆ ಬೇಳೆ ಹತ್ತು ಗ್ರಾಂ ಕೂಡ ಬಿದ್ದಿರುವುದಿಲ್ಲ. ಅಂದು ಒಂದು ಮೊಟ್ಟೆ, ಒಂದು ಬಟ್ಟಲು ಗಟ್ಟಿ ಮೊಸರು ಅಥವಾ ಹೆಸರುಬೇಳೆ ಕೋಸಂಬರಿ ಜೊತೆಗಿರಲಿ. ಕಾಳು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ ಬರುತ್ತದೆ. ಎರಡು ವಾರದಲ್ಲಿ ನಿಧಾನವಾಗಿ ಏರಿಸಿ, 8–10 ಗಂಟೆ ನೆನೆಸಿ, ಒಗ್ಗರಣೆಗೆ ಇಂಗು ಹಾಕಿ.

ನಾಟಿಕೋಳಿ ಸಾರು, ಮೀನು ಸಾರಿನ ದಿನ ನಿಮಗೆ ಕೆಲಸ ಸುಲಭ. ಮಾಂಸದಲ್ಲಿ ಕಾರ್ಬ್ ಇಲ್ಲವೆಂದೇ ಹೇಳಬಹುದು. ಸಾರಿಗೆ ಆಲೂಗಡ್ಡೆ ಹಾಕಬೇಡಿ. ‘ಸಾರು ಚೆನ್ನಾಗಿದೆ’ ಎಂದು ಇನ್ನೊಂದು ಮುದ್ದೆ ಕೇಳುವುದು ಅಂದೇ, ಅದನ್ನು ಮೊದಲೇ ಊಹಿಸಿ ಒಂದು ಬಟ್ಟಲು ಸೌತೆಕಾಯಿ-ಮೂಲಂಗಿ ಹೆಚ್ಚಿಡಿ.

ಬೆಳಗಿನ ತಿಂಡಿ

ಗಂಜಿ ನಿಲ್ಲಿಸಿ. ಅದರ ಜಾಗಕ್ಕೆ ನಾನು ಮೊದಲು ಹೇಳುವುದು ಹೆಸರುಬೇಳೆ ದೋಸೆ. ಒಬ್ಬರಿಗೆ 50 ಗ್ರಾಂ ಬೇಳೆ, ನಾಲ್ಕು ಗಂಟೆ ನೆನೆಸಿ ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆ ಜೊತೆ ರುಬ್ಬಿ. ಹುದುಗು ಬೇಕಿಲ್ಲ. ಗರಿಗರಿಯಾಗಲೆಂದು ಅಕ್ಕಿ ಸೇರಿಸುವ ಪಾಠ ಬಹಳ ಕಡೆ ಇದೆ, ಸೇರಿಸಿದರೆ ಉದ್ದೇಶವೇ ಹೋಯಿತು. ಹಿಟ್ಟು ಇಡ್ಲಿ ಹಿಟ್ಟಿನಷ್ಟು ಗಟ್ಟಿ ಇರಲಿ, ನೀರಾದರೆ ಹೆಂಚಿಗೆ ಕಚ್ಚಿಕೊಳ್ಳುತ್ತದೆ. ಹೆಂಚು ಕಾದ ಮೇಲೆ ನೀರು ಚಿಮುಕಿಸಿ ಒರೆಸಿ, ಉರಿ ತಗ್ಗಿಸಿ ಹುಯ್ಯಿರಿ, ಮೇಲೆ ಈರುಳ್ಳಿ ಉದುರಿಸಿ ಮುಚ್ಚಳ ಮುಚ್ಚಿ. ಮುಚ್ಚದಿದ್ದರೆ ಅಂಚು ಒಣಗಿ ನಡುಭಾಗ ಹಸಿಯಾಗಿ ಉಳಿಯುತ್ತದೆ. ಎರಡು ದೋಸೆಯಲ್ಲಿ 26 ಗ್ರಾಂ ಕಾರ್ಬ್, 12 ಗ್ರಾಂ ಪ್ರೋಟೀನ್. ಕಾಯಿ ಚಟ್ನಿ ಅಥವಾ ಕಡಲೆಕಾಯಿ ಚಟ್ನಿ, ಜೊತೆಗೆ ಒಂದು ಬೇಯಿಸಿದ ಮೊಟ್ಟೆ. ಹುರಿಗಡಲೆ ಹೆಚ್ಚು ಹಾಕಿ ಚಟ್ನಿ ಗಟ್ಟಿ ಮಾಡಬೇಡಿ, ಅದೂ ಕಾರ್ಬೇ.

ಇಡ್ಲಿಯಲ್ಲಿ ಉದ್ದು ಹೆಚ್ಚಿಸಿ ಅಕ್ಕಿ ಕಡಿಮೆ ಮಾಡಿದರೆ ಸರಿಹೋಗುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಎರಡು ಪಾಲು ಅಕ್ಕಿತರಿ, ಒಂದು ಪಾಲು ಉದ್ದು ಇದ್ದಾಗ 100 ಗ್ರಾಂ ಒಣ ಪದಾರ್ಥಕ್ಕೆ 69 ಗ್ರಾಂ ಕಾರ್ಬ್. ಸಮಸಮ ಮಾಡಿದರೆ 65. ಇಳಿದದ್ದು ನಾಲ್ಕು ಗ್ರಾಂ, ಇಡ್ಲಿ ಮಾತ್ರ ಅಂಟಂಟಾಗುತ್ತದೆ. ಅದರ ಬದಲು ಎಂದಿನ ಇಡ್ಲಿಯನ್ನೇ ಮಾಡಿ, ಯಜಮಾನರಿಗೆ ಎರಡು ಹಾಕಿ, ತರಕಾರಿ ತುಂಬಿದ ಗಟ್ಟಿ ಸಾಂಬಾರನ್ನು ದೊಡ್ಡ ಬಟ್ಟಲಲ್ಲಿ ಕೊಡಿ. ತಟ್ಟೆ ಇಡ್ಲಿ ಒಂದೇ ಇದಕ್ಕಿಂತ ಹೆಚ್ಚಾಗುತ್ತದೆ. ಚಪಾತಿ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸುವುದೂ, ಅಂಗಡಿಯ ‘ಮಲ್ಟಿಗ್ರೇನ್’ ಹಿಟ್ಟೂ ಹೀಗೆಯೇ ಸಣ್ಣ ಲಾಭದವು. ರಾತ್ರಿ ಮೂರರ ಬದಲು ಒಂದು ಚಪಾತಿಗೆ ಬನ್ನಿ.

ರೊಟ್ಟಿ ಬೇಕೆನಿಸಿದರೆ ನುಗ್ಗೆಸೊಪ್ಪಿನ ರಾಗಿರೊಟ್ಟಿ ಚೆನ್ನ. ಇಲ್ಲಿ ಒಂದು ಗುಟ್ಟಿದೆ. ಸೊಪ್ಪು, ಈರುಳ್ಳಿಗೆ ಉಪ್ಪು ಬಿದ್ದ ಮೇಲೆ ನೀರು ಬಿಡುತ್ತದೆ. ಮೊದಲೇ ನೀರು ಹಾಕಿ ಕಲಸಿದವರಿಗೆ ಹತ್ತು ನಿಮಿಷದಲ್ಲಿ ಹಿಟ್ಟು ಸಡಿಲವಾಗುತ್ತದೆ, ಮತ್ತೆ ಹಿಟ್ಟು ಸೇರಿಸುತ್ತಾರೆ, 40 ಗ್ರಾಂ ಇದ್ದದ್ದು 70 ಆಗುತ್ತದೆ. ಆದ್ದರಿಂದ ಒಂದು ರೊಟ್ಟಿಗೆ 60 ಗ್ರಾಂ ಸೊಪ್ಪು, ಒಂದು ಸಣ್ಣ ಈರುಳ್ಳಿ, ಉಪ್ಪು ಹಾಕಿ ಕಿವುಚಿ ಹತ್ತು ನಿಮಿಷ ಬಿಡಿ. ಆ ನೀರಿನಲ್ಲೇ 40 ಗ್ರಾಂ ರಾಗಿಹಿಟ್ಟು, ಒಂದು ಚಮಚ ಅಗಸೆ ಬೀಜದ ಪುಡಿ, ಒಂದು ಚಮಚ ಕಡಲೆಕಾಯಿ ಪುಡಿ ಕಲಸಿ. ಸಾಲದಿದ್ದರೆ ಮಾತ್ರ ಚಮಚದಲ್ಲಿ ಬಿಸಿನೀರು. ಅಗಸೆ ಪುಡಿ ಅಂಟು ಕೊಡುವುದರಿಂದ ರೊಟ್ಟಿ ಹರಿಯುವುದಿಲ್ಲ.

ಚಿತ್ರಾನ್ನ ಬಿಡಲಾಗದವರಿಗೆ ಹೂಕೋಸಿನ ಚಿತ್ರಾನ್ನ. 250 ಗ್ರಾಂ ಹೂಕೋಸು ತೊಳೆದು, ಬಟ್ಟೆಯಲ್ಲಿ ಪೂರ್ತಿ ಒರೆಸಿ ತುರಿಯಿರಿ. ಒದ್ದೆ ಉಳಿದರೆ ಮುದ್ದೆಯಾಗುತ್ತದೆ. ಸಾಸಿವೆ, ಕಡಲೆಕಾಯಿ, ಮೆಣಸಿನಕಾಯಿ, ಕರಿಬೇವು, ಅರಿಸಿನದ ಒಗ್ಗರಣೆಗೆ ಹಾಕಿ ಜೋರು ಉರಿಯಲ್ಲಿ ಮುಚ್ಚದೆ ನಾಲ್ಕು ನಿಮಿಷ. ಉಪ್ಪು ಕೊನೆಗೆ, ನಿಂಬೆರಸ ಒಲೆ ಆರಿಸಿದ ಮೇಲೆ. ಅನ್ನದ ಚಿತ್ರಾನ್ನದಂತೆಯೇ ಇರುತ್ತದೆ ಎಂದು ನಾನು ಹೇಳುವುದಿಲ್ಲ. ರುಚಿ ಒಗ್ಗರಣೆಯದು, ಅದು ಸಿಗುತ್ತದೆ.

ಸಂಜೆಗೆ ಒಂದು ಹಿಡಿ ಹುರಿದ ಕಡಲೆಕಾಯಿ, ಸಕ್ಕರೆಯಿಲ್ಲದ ಕಾಫಿ, ಅಥವಾ ಮಜ್ಜಿಗೆ. ಮಂಡಕ್ಕಿ ಹಗುರ ಎನಿಸಿದರೂ ಅಕ್ಕಿಯೇ, ಬಹಳ ಬೇಗ ಸಕ್ಕರೆಯಾಗುವ ಅಕ್ಕಿ. ಹಣ್ಣು ಊಟದ ಜೊತೆ ಬೇಡ, ಸಂಜೆ ಅರ್ಧ ಸೀಬೆ ಅಥವಾ ನಾಲ್ಕು ಹೋಳು ಪರಂಗಿ ಸಾಕು, ರಸ ಮಾಡಬೇಡಿ.

ರಾತ್ರಿಯ ಒಂದು ಚಪಾತಿಯ ಜೊತೆ ಬದನೆ, ಹೀರೆ, ಸೋರೆ, ಎಲೆಕೋಸು, ನವಿಲುಕೋಸು, ಹುರುಳಿಕಾಯಿ ಯಾವುದಾದರೂ ಪಲ್ಯ ಧಾರಾಳವಾಗಿ, ಮೊಟ್ಟೆ ಸಾರು ಅಥವಾ 75 ಗ್ರಾಂ ಪನೀರ್. ಇಡೀ ದಿನದ ಕಾರ್ಬ್ 130ರ ಸುತ್ತ, ಪ್ರೋಟೀನ್ 65–70 ಗ್ರಾಂ ಬರುತ್ತದೆ.

ಇಳಿಸಿದ 150 ಗ್ರಾಂ ಕಾರ್ಬ್ ಎಂದರೆ 600 ಕ್ಯಾಲೊರಿ. 81 ಕೆ.ಜಿ. ತೂಕದ ಯಜಮಾನರಿಗೆ ಅದನ್ನು ಪೂರ್ತಿ ತುಂಬಿಸಬೇಕಿಲ್ಲ, ಅರ್ಧ ತುಂಬಿಸಿದರೆ ತೂಕವೂ ಇಳಿಯುತ್ತದೆ. ನಾಲ್ಕೈದು ಕೆ.ಜಿ. ಇಳಿದರೂ ಇನ್ಸುಲಿನ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಕಾಯಿ, ಕಡಲೆಕಾಯಿ, ಎಣ್ಣೆ ಹೆದರದೆ ಬಳಸಿ, ಆದರೆ ‘ಕಾರ್ಬ್ ಇಲ್ಲವಲ್ಲ’ ಎಂದು ಊಟಕ್ಕೆ ನಾಲ್ಕು ಚಮಚ ತುಪ್ಪ ಸುರಿಯಬೇಡಿ. ಮೂರು ತಿಂಗಳಿಗೆ ಕೊಲೆಸ್ಟ್ರಾಲ್ ಪರೀಕ್ಷೆಯೂ ಆಗಲಿ.

ಮೀಟರಿನಿಂದ ಕಲಿಯುವುದು

ಮೀಟರಿಗೆ ಹಾಕುವ ಪಟ್ಟಿ ದುಬಾರಿ, ದಿನಾ ಚುಚ್ಚುವುದು ಬೇಡ. ವಾರದಲ್ಲಿ ಮೂರು ದಿನ, ಬೇರೆ ಬೇರೆ ಊಟ ಆರಿಸಿ, ತಿನ್ನುವ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ನೋಡಿ. ಎರಡರ ನಡುವಿನ ಏರಿಕೆ 50ರ ಒಳಗಿದ್ದರೆ ಆ ಊಟ ಅವರಿಗೆ ಒಗ್ಗಿದೆ. 80, 90 ಏರಿದರೆ ಧಾನ್ಯ ಇನ್ನಷ್ಟು ಕುಗ್ಗಬೇಕು. ಎರಡು ಗಂಟೆಗೆ 180ರ ಒಳಗೆ ಬರುವುದು ಗುರಿ. ಗ್ಲಿಮೆಪಿರೈಡ್ ಇರುವವರೆಗೂ ಮೊದಲ ಎರಡು ವಾರ ಮಧ್ಯಾಹ್ನದ ಊಟಕ್ಕೆ ಮುಂಚೆ ಮತ್ತು ಮಲಗುವ ಮುಂಚೆ ಹೆಚ್ಚುವರಿಯಾಗಿ ನೋಡಿ. 80ರ ಕೆಳಗೆ ಕಂಡರೆ ಅಂದೇ ಡಾಕ್ಟರಿಗೆ ಫೋನ್ ಮಾಡಿ.

ಊಟದ ನಂತರದ ಸಕ್ಕರೆ ಕೆಲವೇ ದಿನದಲ್ಲಿ ಇಳಿಯುತ್ತದೆ. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಹಾಗಲ್ಲ. ರಾತ್ರಿಯೆಲ್ಲ ಯಕೃತ್ತು ತಾನೇ ಸಕ್ಕರೆ ತಯಾರಿಸಿ ಬಿಡುವುದರಿಂದ ಅದು ಇಳಿಯಲು ವಾರಗಳೇ ಬೇಕು. ಹತ್ತು ದಿನಕ್ಕೆ ‘ಬೆಳಿಗ್ಗೆ ಇನ್ನೂ 150 ಇದೆ, ಈ ಊಟ ಸರಿಯಿಲ್ಲ’ ಎಂದು ಕೈಬಿಡುವವರೇ ಹೆಚ್ಚು. ಎಚ್‌ಬಿಎ1ಸಿ ಮೂರು ತಿಂಗಳಿಗೆ ಮಾಡಿಸಿ, ಅದಕ್ಕೂ ಮುಂಚೆ ಮಾಡಿಸಿದರೆ ಹಳೆಯ ಊಟದ ನೆರಳೇ ಕಾಣುತ್ತದೆ.

ಹಬ್ಬದ ದಿನ ಒಂದು ಹೋಳಿಗೆಯಲ್ಲಿ 45 ಗ್ರಾಂ ಕಾರ್ಬ್ ಹತ್ತಿರ ಇರುತ್ತದೆ. ತಿನ್ನಲಿ, ಅಂದಿನ ಆ ಹೊತ್ತಿನ ಅನ್ನ, ಪೂರಿ ಬಿಡಲಿ.

ಇನ್ನು ನಿಮ್ಮ ಅತ್ತೆಯವರು. ಅವರಿಗೆ ಈ 130 ಗ್ರಾಂ ಊಟ ಬೇಡ. 76 ವರ್ಷದ, ಸಣಕಲು ದೇಹದವರಿಗೆ ಊಟ ಕಡಿತಗೊಳಿಸಿದರೆ ಸ್ನಾಯು ಕರಗಿ, ಬಿದ್ದು ಮೂಳೆ ಮುರಿಯುವ ಅಪಾಯವೇ ದೊಡ್ಡದು. ವಯಸ್ಸಾದವರಲ್ಲಿ ಸಕ್ಕರೆ ಸ್ವಲ್ಪ ಹೆಚ್ಚಿದ್ದರೂ ಡಾಕ್ಟರು ಒಪ್ಪುತ್ತಾರೆ, ಕುಸಿಯುವುದನ್ನು ಒಪ್ಪುವುದಿಲ್ಲ. ಅವರ ಮುದ್ದೆ ಅವರಿಗಿರಲಿ. ಗಂಜಿ, ಬೆಲ್ಲ ಮಾತ್ರ ನಿಲ್ಲಿಸಿ. ಹಲ್ಲು ಸರಿಯಿಲ್ಲದಿದ್ದರೆ ಬಸ್ಸಾರಿನ ಪಲ್ಯದ ಕಾಳನ್ನು ಸೌಟಿನಲ್ಲಿ ಮಸೆದು ಕೊಡಿ, ಮಧ್ಯಾಹ್ನ ಒಂದು ಬಟ್ಟಲು ಮೊಸರು, ರಾತ್ರಿ ಒಂದು ಮೊಟ್ಟೆ ಸೇರಿಸಿ, ತಿಂಗಳಿಗೊಮ್ಮೆ ತೂಕ ನೋಡಿ. ಒಂದು ಕೆ.ಜಿ. ಇಳಿದರೂ ಊಟ ಹೆಚ್ಚಿಸಿ, ಮುಂದಿನ ತಪಾಸಣೆಗೆ ಯಜಮಾನರ ಜೊತೆ ಅವರ ಮಾತ್ರೆಯ ಚೀಟಿಯನ್ನೂ ತೆಗೆದುಕೊಂಡು ಹೋಗಿ.